ವಾರ್ಡಿಗೆ ಹೋಗುವ ಮಗಳ ಮನಸ್ಸು

ಕೆಲವು ತಿಂಗಳ ಹಿಂದೆ ತಾಯಿಯೊಬ್ಬರು ಮಗಳನ್ನು ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. ಹುಡುಗಿ ನರ್ಸಿಂಗ್ ಎರಡನೇ ವರ್ಷದಲ್ಲಿ ಓದುತ್ತಿದ್ದಳು. ಎದೆಯುರಿ, ಹಸಿವಿಲ್ಲ, ನಿದ್ದೆ ಬರುವುದಿಲ್ಲ ಎಂಬುದು ದೂರು. ನಾಡಿ ನೋಡುತ್ತಾ ವಾರ್ಡಿನ ಕೆಲಸ ಹೇಗಿದೆ ಎಂದು ವಿಚಾರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದವಳು, “ಮೊದಮೊದಲು ರೋಗಿ ತೀರಿಕೊಂಡರೆ ಅಳು ಬರುತ್ತಿತ್ತು ಡಾಕ್ಟ್ರೇ. ಈಗ ಏನೂ ಅನಿಸುವುದಿಲ್ಲ. ಬೆಡ್ಡಿನ ಚಾದರ ಬದಲಿಸಬೇಕಲ್ಲಾ ಅಂತ ಮಾತ್ರ ಅನಿಸುತ್ತದೆ” ಎಂದಳು. ತಾಯಿ ನಡುವೆ ಬಾಯಿ ಹಾಕಿ, “ಒಳ್ಳೆಯದೇ ಆಯಿತಲ್ಲ, ನರ್ಸ್ ಆಗುವವಳಿಗೆ ಮನಸ್ಸು ಗಟ್ಟಿ ಇರಬೇಕು” ಎಂದರು.

ಆ ತಾಯಿಯ ಮಾತನ್ನು ನಮ್ಮಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ನಾನು ಒಪ್ಪುವುದಿಲ್ಲ. ರಕ್ತ ಕಂಡಾಗ ಕೈ ನಡುಗದಿರುವುದು ಗಟ್ಟಿತನ. ಸಾವು ಕಂಡಾಗಲೂ ಏನೂ ಅನಿಸದಿರುವುದು ದಣಿವು. ಆ ದಣಿವಿಗೂ ಆರೈಕೆ ಬೇಕು.

ರೋಗಿಗಳ ನಡುವೆ ಓಡಾಡುತ್ತಿದ್ದರೆ ಕರುಣೆ ತಾನಾಗಿ ಬೆಳೆಯುತ್ತದೆ ಎಂದು ನಾವು ಭಾವಿಸಿದ್ದೇವೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 214 ನರ್ಸಿಂಗ್ ವಿದ್ಯಾರ್ಥಿಗಳನ್ನು ಒಂದು ಶೈಕ್ಷಣಿಕ ವರ್ಷ ಗಮನಿಸಿ, 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆಯೇ ಚಿತ್ರ ಕಂಡಿತು. ರೋಗಿಗಳ ಜೊತೆ ಹೆಚ್ಚು ಒಡನಾಡಿದ ವಿದ್ಯಾರ್ಥಿಗಳಲ್ಲೇ ರೋಗಿಯ ನೋವನ್ನು ಅರಿಯುವ ಗುಣ ಹೆಚ್ಚು ಕುಗ್ಗಿತ್ತು. ಅಂದರೆ ಕರುಣೆ ಬೆಳೆಯಬೇಕಾದ ವಾರ್ಡಿನಲ್ಲೇ ಅದು ಬತ್ತಿಹೋಗಬಹುದು.

ಏಕೆ ಹೀಗೆ? ಹದಿನೆಂಟು ಹತ್ತೊಂಬತ್ತರ ಹುಡುಗಿಯ ದಿನವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ತರಗತಿ, ರಾತ್ರಿ ಓದು. ಎಷ್ಟು ಇಂಜೆಕ್ಷನ್ ಕೊಟ್ಟೆ, ಎಷ್ಟು ಡ್ರೆಸ್ಸಿಂಗ್ ಮಾಡಿದೆ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕು. ನೋವಿನಿಂದ ನರಳುವ ಅಜ್ಜಿಯ ಪಕ್ಕ ಹತ್ತು ನಿಮಿಷ ಕುಳಿತಿದ್ದಕ್ಕೆ ಯಾರೂ ಸಹಿ ಹಾಕುವುದಿಲ್ಲ. ಸಣ್ಣ ತಪ್ಪಾದರೆ ರೋಗಿಗಳೆದುರೇ ಬೈಗುಳ. ಸಿಬ್ಬಂದಿ ಸಾಲದ ಕಡೆ ಕಲಿಯಲು ಬಂದವಳನ್ನೇ ಆ ಜಾಗಕ್ಕೆ ನಿಲ್ಲಿಸುತ್ತಾರೆ. ಹಿರಿಯರ ಗಡಿಬಿಡಿ, ಗಡಸು ಮಾತು ನೋಡಿ ಅವಳು ಅದನ್ನೇ ಕಲಿಯುತ್ತಾಳೆ. ಕರುಣೆ ತೋರಿ ಎಂದು ಅವಳಿಗೆ ಉಪದೇಶಿಸುವ ಮೊದಲು ಅವಳಿಗೆ ಯಾರು ಕರುಣೆ ತೋರಿದ್ದಾರೆ ಎಂದು ಕೇಳಬೇಕು.

ಇದಕ್ಕೆ ದಾರಿಯಿದೆ. ಬೋಸ್ಟನ್‌ನ ವಕೀಲ ಕೆನೆತ್ ಶ್ವಾರ್ಟ್ಜ್ ಶ್ವಾಸಕೋಶದ ಕ್ಯಾನ್ಸರ್‌ನಿಂದ 1995ರಲ್ಲಿ, 40ನೇ ವಯಸ್ಸಿನಲ್ಲಿ ತೀರಿಕೊಂಡರು. ತನ್ನ ಕೈ ಹಿಡಿದು ಮಾತನಾಡಿಸಿದ ದಾದಿಯರಂಥವರ ಸಣ್ಣ ಸಣ್ಣ ಕರುಣೆಯ ಕೆಲಸಗಳು ಆ ಸಂಕಟವನ್ನು ಸಹಿಸಲು ಎಷ್ಟು ನೆರವಾದವು ಎಂದು ಸಾಯುವ ಮೊದಲು ಅವರು ಬರೆದಿದ್ದರು. ಅವರ ಹೆಸರಿನ ಸಭೆಗಳು ಇಂದು ಅಮೆರಿಕ, ಬ್ರಿಟನ್ನಿನ ಅನೇಕ ಆಸ್ಪತ್ರೆಗಳಲ್ಲಿ ನಡೆಯುತ್ತವೆ. ವೈದ್ಯರು, ನರ್ಸುಗಳು ಒಟ್ಟಿಗೆ ಕುಳಿತು, ರೋಗಿಯ ಆರೈಕೆ ಮಾಡುವಾಗ ತಮ್ಮ ಮನಸ್ಸಿಗೆ ಏನಾಯಿತು ಎಂದು ಹೇಳಿಕೊಳ್ಳುತ್ತಾರೆ. ನಮ್ಮ ನರ್ಸಿಂಗ್ ಕಾಲೇಜುಗಳೂ ಡ್ಯೂಟಿ ಮುಗಿದ ಮೇಲೆ ವಾರಕ್ಕೊಮ್ಮೆ ಅರ್ಧ ಗಂಟೆ ಹೀಗೆ ಕೂರಿಸಬಹುದು. ಇದಕ್ಕೆ ಯಂತ್ರ ಬೇಡ, ಹಣ ಬೇಡ. ಕಿವಿಗೊಡುವ ಒಬ್ಬ ಶಿಕ್ಷಕಿ ಸಾಕು.

ಮನೆಯವರಾದ ನಿಮ್ಮ ಪಾಲೂ ಇದೆ. ಮಗಳು ಹಾಸ್ಟೆಲಿನಿಂದ ಫೋನ್ ಮಾಡಿದಾಗ “ಊಟ ಆಯಿತಾ, ಪರೀಕ್ಷೆ ಯಾವಾಗ” ಎಂಬಲ್ಲಿಗೆ ಮಾತು ಮುಗಿಸಬೇಡಿ. “ಇವತ್ತು ಯಾರನ್ನು ನೋಡಿಕೊಂಡೆ?” ಎಂದು ಕೇಳಿ. ರೋಗಿಯ ಹೆಸರು, ಗುಟ್ಟು ಬೇಡ. ಅವಳಿಗೆ ಹೇಗನಿಸಿತು ಎಂಬುದು ಸಾಕು. ಅತ್ತರೆ ಅಳಲು ಬಿಡಿ. ನಿದ್ದೆಗೇಡು, ಬೇಸರ ಎರಡು ವಾರ ಕಳೆದರೂ ಹೋಗದಿದ್ದರೆ ಎದೆಯುರಿಯ ಔಷಧಿಯೊಂದನ್ನೇ ನಂಬಿ ಕೂರದೆ ಮನೋವೈದ್ಯರಿಗೆ ತೋರಿಸಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ನಿಮ್ಮ ಮನೆಯವರು ಆಸ್ಪತ್ರೆಯಲ್ಲಿದ್ದಾಗ ಅಲ್ಲಿರುವ ವಿದ್ಯಾರ್ಥಿನಿಯೂ ಯಾರದೋ ಮನೆಯ ಮಗಳು. ಡ್ರಿಪ್ ಹಾಕಲು ಒಮ್ಮೆ ತಪ್ಪಿದರೆ ಕೂಗಾಡಬೇಡಿ. ಶಿಕ್ಷಕಿಯನ್ನು ಕರೆಸಲು ಮೆಲ್ಲನೆ ಹೇಳಿ. ಪರದೆ ಎಳೆದು, ನಿಮ್ಮ ಉಮ್ಮನ ತಲೆಯ ಮೇಲಿನ ಶಾಲು ಸರಿಪಡಿಸಿ, ಅನುಮತಿ ಕೇಳಿ ಮೈ ಒರೆಸಿದ ಹುಡುಗಿಗೆ “ಅಲ್ಲಾಹನು ನಿನಗೆ ಒಳ್ಳೆಯದು ಮಾಡಲಿ” ಎಂದು ಬಾಯ್ತುಂಬ ಹೇಳಿ. ಆ ಕೆಲಸ ಬೆಲೆಯುಳ್ಳದ್ದು ಎಂದು ಅವಳಿಗೆ ಗೊತ್ತಾಗುವುದು ನಿಮ್ಮಿಂದಲೇ.

ವಿದ್ಯಾರ್ಥಿನಿಯರೇ, ನಿಮಗೂ ಒಂದು ಮಾತು. ಯುನಾನಿಯಲ್ಲಿ ನಬ್ಝ್ ನೋಡಲು ಕಲಿಯುವಾಗ ನಾವು ಮೊದಲು ಕಲಿತದ್ದು ಅವಸರ ಬಿಡುವುದನ್ನು. ನೀವೂ ದಿನಕ್ಕೆ ಹತ್ತಾರು ಜನರ ನಾಡಿ ಎಣಿಸುತ್ತೀರಿ. ಎಣಿಸಿದ ಕೂಡಲೇ ಕೈ ಬಿಡಬೇಡಿ. ಗಡಿಯಾರದಿಂದ ಕಣ್ಣೆತ್ತಿ ಮುಖ ನೋಡಿ, “ರಾತ್ರಿ ನಿದ್ದೆ ಬಂತಾ?” ಎಂದು ಕೇಳಿ. ಕೆಲಸ ಎಷ್ಟೇ ಇದ್ದರೂ ಅಷ್ಟು ಹೊತ್ತು ಸಿಗುತ್ತದೆ.

ಹಿಜರಿ 5ರ ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು, ಗಾಯಾಳುಗಳ ಆರೈಕೆ ಮಾಡುತ್ತಿದ್ದ ರುಫೈದಾ(ರ) ಎಂಬ ಮಹಿಳೆಯ ಬಳಿಗೆ ಸಾಗಿಸಲಾಯಿತು. ಪ್ರವಾದಿ(ಸ)ಯವರು ಅತ್ತ ಹಾದುಹೋಗುವಾಗ ಬೆಳಿಗ್ಗೆಯೂ ಸಂಜೆಯೂ ಸಅದ್‌ರ ಕ್ಷೇಮ ವಿಚಾರಿಸುತ್ತಿದ್ದರೆಂದು ಹದೀಸಿನಲ್ಲಿದೆ. ಮದೀನದ ಹೊಣೆಯೆಲ್ಲ ಹೆಗಲ ಮೇಲಿದ್ದವರಿಗೂ ದಿನಕ್ಕೆರಡು ಬಾರಿ ಹೇಗಿದ್ದೀರಿ ಎಂದು ಕೇಳಲು ಸಮಯವಿತ್ತು. ರೋಗಿಯನ್ನು ಹಾಗೆ ಕೇಳುವುದನ್ನು ನಮ್ಮ ಮಕ್ಕಳು ಕಲಿಯಲಿ. ಅವರನ್ನು ಹಾಗೆ ಕೇಳುವುದನ್ನು ನಾವು ಕಲಿಯೋಣ.