ಉರು ಹೊಡೆದ ಝೈಟ್ಸೆವ್ (ಭಾಗ 3)

"ಬಿಕಾಂ ಓದೋಳಿಗೆ ಕೆಮಿಸ್ಟ್ರಿ ಯಾಕಮ್ಮಾ?" ಅಂತ ಕಾಮೆಂಟ್ ಬಂದಿದೆ. ಪಿಯುನಲ್ಲಿ ಎರಡು ವರ್ಷ ಓದಿದೀನಿ, ಈಗ ಪಿಯು ಓದ್ತಿರೋ ತಮ್ಮ ತಂಗಿಯರು ಇಲ್ಲಿದ್ದಾರೆ. ಅಷ್ಟು ಸಾಕು.

ನನ್ನ ಜಗಳ ಆ "ಒಂದೇ ಟ್ರಿಕ್" ರೀಲ್‌ಗಳ ಮೇಲೆ. ಎಲಿಮಿನೇಷನ್ ಅಂದ್ರೆ ಝೈಟ್ಸೆವ್, ಝೈಟ್ಸೆವ್ ಅಂದ್ರೆ ಜಾಸ್ತಿ ಆಲ್ಕೈಲ್ ಗುಂಪು ಇರೋ ಆಲ್ಕೀನ್, ಟಿಕ್ ಹಾಕಿ ಮುಂದೆ ಹೋಗಿ. (ನಮ್ಮ ಡೆಬಿಟ್-ಕ್ರೆಡಿಟ್ ಪಾಠವೂ ಹೀಗೇ, ಆ ಜಗಳ ಇನ್ನೊಂದು ದಿನ.)

ನಿಮ್ಮ ಪುಸ್ತಕದ್ದೇ ಉದಾಹರಣೆ ತಗೊಳ್ಳಿ: 2-ಬ್ರೋಮೋಪೆಂಟೇನ್. ಬ್ರೋಮಿನ್ ಎರಡನೇ ಕಾರ್ಬನ್ ಮೇಲಿದೆ. ಬೇಸ್ ಪಕ್ಕದ ಕಾರ್ಬನ್‌ನಿಂದ ಹೈಡ್ರೋಜನ್ ಕಿತ್ಕೊಳ್ಳುತ್ತೆ, ಬ್ರೋಮಿನ್ ಜಾಗ ಖಾಲಿ ಮಾಡುತ್ತೆ, ಮಧ್ಯೆ ಡಬಲ್ ಬಾಂಡ್. ಮೂರನೇ ಕಾರ್ಬನ್‌ನಿಂದ ಕಿತ್ತರೆ ಪೆಂಟ್-2-ಈನ್, 81%. ಒಂದನೆಯದರಿಂದ ಕಿತ್ತರೆ ಪೆಂಟ್-1-ಈನ್, 19%. ಆ 19 ನೋಡಿದ್ರಾ? 1875ರ ಆ ನಿಯಮ ಯಾವುದು ಹೆಚ್ಚು ಅಂತ ಹೇಳುತ್ತೆ. ಇನ್ನೊಂದು ಹುಟ್ಟೋದೇ ಇಲ್ಲ ಅನ್ನಲ್ಲ.

ಈಗ ಬೇಸ್ ಬದಲಾಯಿಸಿ. 2-ಬ್ರೋಮೋ-2-ಮೀಥೈಲ್‌ಬ್ಯುಟೇನ್‌ಗೆ ಎಥಾಕ್ಸೈಡ್ ಹಾಕಿದ್ರೆ ಸುಮಾರು 70% ಝೈಟ್ಸೆವ್ ಹೇಳಿದ್ದೇ. ಟರ್ಷಿಯರಿ ಬ್ಯುಟಾಕ್ಸೈಡ್ ಹಾಕಿ, ಲೆಕ್ಕ ತಲೆಕೆಳಗು: ಸುಮಾರು 70% ತುದಿಯ ಆಲ್ಕೀನ್. ಯಾಕಂದ್ರೆ ಅದು ದಪ್ಪ ಮೈಯದು. ರಶ್ ಬಸ್ಸಲ್ಲಿ ದೊಡ್ಡ ಬ್ಯಾಗ್ ಹೊತ್ತವರು ಒಳಗೆ ನುಗ್ಗೋಕಾಗದೆ ಬಾಗಿಲಲ್ಲೇ ನಿಲ್ಲಲ್ವಾ, ಹಾಗೆ ತುದಿಯಲ್ಲಿ ಕೈಗೆ ಸಿಕ್ಕ ಹೈಡ್ರೋಜನ್ ಕಿತ್ಕೊಳ್ಳುತ್ತೆ.

ಮೆಂಥೈಲ್ ಕ್ಲೋರೈಡ್ ಇನ್ನೂ ಮಜಾ. ಬೇಸ್ ಎಥಾಕ್ಸೈಡೇ ಆದ್ರೂ ಝೈಟ್ಸೆವ್ ಆಲ್ಕೀನ್ ಬರಲ್ಲ. ಹೋಗೋ ಕ್ಲೋರಿನ್, ಹೈಡ್ರೋಜನ್ ಎರಡೂ ಒಂದಕ್ಕೊಂದು ವಿರುದ್ಧ ದಿಕ್ಕಲ್ಲಿ ನಿಲ್ಲಬೇಕು. ಆ ಉಂಗುರದಲ್ಲಿ ಹಾಗೆ ನಿಲ್ಲೋ ಹೈಡ್ರೋಜನ್ ಇರೋದು ಒಂದೇ ಕಡೆ.

"ಸಿಇಟಿಲಿ 80 ನಿಮಿಷಕ್ಕೆ 60 ಪ್ರಶ್ನೆ, ಯೋಚಿಸೋಕೆ ಟೈಮೆಲ್ಲಿ ಅಕ್ಕಾ?" ಅಂತೀರಿ. ಬೇಸ್ ಹೆಸರು ಪ್ರಶ್ನೆಯಲ್ಲೇ ಇರುತ್ತೆ. ಓದೋಕೆ ಎರಡು ಸೆಕೆಂಡ್. ಟ್ರಿಕ್ ನಂಬಿದವರು ಅದನ್ನೇ ಓದಲ್ಲ, ತಪ್ಪು ಆಯ್ಕೆ ಇಟ್ಟಿರೋದೂ ಅವರಿಗೋಸ್ಕರಾನೇ.

ಅದಕ್ಕಿಂತ ಕೋಪ ಬರೋದು ಇದಕ್ಕೆ: ಕನ್ನಡ ಮೀಡಿಯಂನಿಂದ ಬಂದವರಿಗೆ "ನಿಂಗೆ ಅರ್ಥ ಆಗಲ್ಲ, ಬಾಯಿಪಾಠ ಮಾಡು" ಅಂತಾರೆ. ಮೇಲೆ ಬರೆದದ್ದು ಅರ್ಥ ಆಯ್ತೋ ಇಲ್ವೋ? ಕನ್ನಡದಲ್ಲೇ ತಾನೇ ಬರೆದಿದ್ದು?

ಸರಿ, ನಿಮ್ಮ ಸರದಿ. 2-ಬ್ರೋಮೋ-2,3-ಡೈಮೀಥೈಲ್‌ಬ್ಯುಟೇನ್, ಬೇಸ್ ಟರ್ಷಿಯರಿ ಬ್ಯುಟಾಕ್ಸೈಡ್. ಯಾವುದು ಜಾಸ್ತಿ, ಯಾಕೆ? ಬರೀ ಹೆಸರು ಬರೆದ್ರೆ ನನ್ನಿಂದ ಲೈಕ್ ಸಿಗಲ್ಲ 😤