ಕೋಳಿಮನೆಯ ಗಾಳಿ, ಅಡಿಗೆಮನೆಯ ಸೆಕೆ

ಬೆವರುಗ್ರಂಥಿಗಳಿಲ್ಲದ ಕೋಳಿಯು ಸೆಕೆಯಲ್ಲಿ ಹೆಚ್ಚಾಗಿ ಏದುಸಿರಿನಿಂದ ಮೈಯ ಕಾವನ್ನು ಕಳೆಯಬೇಕು. ಆದುದರಿಂದಲೇ ಮುಚ್ಚಿದ ಕೋಳಿಮನೆಗಳಲ್ಲಿ ಒಂದು ತುದಿಗೆ ಒದ್ದೆ ಪ್ಯಾಡು, ಇನ್ನೊಂದು ತುದಿಗೆ ದೊಡ್ಡ ಫ್ಯಾನುಗಳನ್ನಿಟ್ಟು ಗಾಳಿಯನ್ನು ಎಳೆಯುತ್ತಾರೆ. ಠಾಣೆ, ಕಲ್ಯಾಣಗಳ ತೇವದ ಹವೆಯಲ್ಲಿ ನೀರು ಬೇಗನೆ ಆರದು. ಇಲ್ಲಿ ಬೀಸುವ ಗಾಳಿಯೇ ಮುಖ್ಯ. ಗಾಳಿ ಒಳಬರಲು ಕಿಂಡಿಯಿಲ್ಲದಿದ್ದರೆ ಎಕ್ಸಾಸ್ಟ್ ಫ್ಯಾನು ಎಷ್ಟು ತಿರುಗಿದರೂ ಸೆಕೆ ಹೊರಹೋಗದು.

ಕೋಳಿಗೆ ಇಷ್ಟು ಆಸ್ಥೆಯಿರುವಾಗ, ಡೊಂಬಿವಲಿಯ ಹೋಟೆಲುಗಳ ಹಿಂಬದಿಯಲ್ಲಿ ದೋಸೆಕಾವಲಿಯ ಮುಂದೆ ದಿನವಿಡೀ ನಿಲ್ಲುವ ನಮ್ಮ ಹುಡುಗರಿಗೇನಿದೆ? ಗಿರಾಕಿಯ ತಲೆಯ ಮೇಲೆ ಫ್ಯಾನು, ಭಟ್ಟರ ಬೆನ್ನಿಗೆ ಗೋಡೆ! 2017ರ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ಗಾಳಿ-ಬೆಳಕಿನ ಹೊಣೆಯನ್ನು ಮಾಲಕರ ಮೇಲೆಯೇ ಹೊರಿಸಿದೆ. ಸಣ್ಣ ಹೋಟೆಲಿಗೆ ಅದು ತಗಲದೆಂಬ ನೆವ ಬೇಡ. ಒಲೆಯ ಕಾವು ಕಾಯಿದೆಯನ್ನು ಓದಿಲ್ಲ. ಬರುವ ಬೇಸಗೆಗೆ ಮುನ್ನ ಮಾಲಕ ಬಂಧುಗಳು ಒಲೆಯ ಮೇಲೊಂದು ಹೊಗೆಕೊಳವೆಯನ್ನೂ ಎದುರು ಗೋಡೆಯಲ್ಲೊಂದು ಕಿಂಡಿಯನ್ನೂ ಮಾಡಿಸಲಿ. ವೆಚ್ಚ ಬಹಳವಿಲ್ಲವೆಂಬುದನ್ನು ಹೋಟೆಲು ನಡೆಸಿದ ನಾವು ಬಲ್ಲೆವು.