‘ವಲಸೆ’ ಎಂಬ ಸರಕಾರಿ ಸುಳ್ಳು

1838ರ ಸೆಪ್ಟೆಂಬರ್ 4ರಂದು ಅಮೆರಿಕದ ಇಂಡಿಯಾನಾ ರಾಜ್ಯದ ಟ್ವಿನ್ ಲೇಕ್ಸ್‌ನಿಂದ ಪೊಟವಾಟಮಿ ಮೂಲನಿವಾಸಿಗಳಲ್ಲಿ ಸುಮಾರು 850 ಮಂದಿಯನ್ನು ಬಂದೂಕುಗಳ ಕಾವಲಿನಲ್ಲಿ ಇಂದಿನ ಕನ್ಸಾಸ್‌ನತ್ತ ಅಟ್ಟಲಾಯಿತು. ಸುಮಾರು 660 ಮೈಲಿ, ಎರಡು ತಿಂಗಳು. ದಾರಿಯಲ್ಲಿ 40ಕ್ಕೂ ಹೆಚ್ಚು ಮಂದಿ ಅಸುನೀಗಿದರು, ಹೆಚ್ಚಿನವರು ಮಕ್ಕಳು. ಆ ಪಯಣದ ಅಧಿಕೃತ ದಿನಚರಿ ಇಂದಿಗೂ ಉಳಿದಿದೆ. ಅದು ಇವರನ್ನು ಕರೆಯುವುದು ‘ವಲಸಿಗರು’ ಎಂದು!

ಯಾರ ವಲಸೆ? ಮುಖಂಡ ಮೆನೊಮಿನಿ ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿಯನ್ನೇ ಹಾಕಲಿಲ್ಲ. ಇತರರ ಸಹಿ ಪಡೆದು ಆತನ ನೆಲವನ್ನೂ ಕೊಂಡೆವೆಂದು ಸಾರಲಾಯಿತು. ಬಳಿಕ ಜನರಲ್ ಜಾನ್ ಟಿಪ್ಟನ್‌ನ ಪಡೆ ಆತನನ್ನು ಕೈದಿಗಳ ಬಂಡಿಯಲ್ಲಿ ಸಾಗಿಸಿತು. ಸ್ವಇಚ್ಛೆಯಿಂದ ಹೊರಟವನಿಗೆ ಸೆರೆಬಂಡಿ ಏಕೆಂದು ದಿನಚರಿ ಬರೆದ ಕೈ ಕೇಳಿಕೊಂಡಂತಿಲ್ಲ. ಅದೇ ಕೈ ದಿನದಿನದ ಮೈಲಿಗಳನ್ನೂ ಮಕ್ಕಳ ಸಾವುಗಳನ್ನೂ ನಿಷ್ಠೆಯಿಂದ ದಾಖಲಿಸಿದೆ. ಅಂಕಿಗಳನ್ನು ನಂಬೋಣ, ಪದವನ್ನಲ್ಲ. ಆ ಕಡತಗಳಲ್ಲಿ ‘ವಲಸೆ’ ಎಂದಿರುವಲ್ಲೆಲ್ಲ ನಾವು ‘ಗಡೀಪಾರು’ ಎಂದೇ ಓದುತ್ತೇವೆ.

ಜೊತೆಗೆ ಸಾಗಿದ ಪಾದ್ರಿ ಬೆಂಜಮಿನ್ ಪೆಟಿಯವರ ಪತ್ರಗಳೂ ಉಳಿದಿವೆ. ರೋಗಿಗಳ, ಸಾಯುತ್ತಿದ್ದ ಕೂಸುಗಳ ಸಂಕಟ ಅಲ್ಲಿದೆ. ಅವರು 1839ರ ಫೆಬ್ರವರಿಯಲ್ಲಿ, 27ರ ಹರೆಯದಲ್ಲೇ ತೀರಿಕೊಂಡರು. ಇಂಡಿಯಾನಾ ರಾಜ್ಯವು 1909ರಲ್ಲಿ ಮೆನೊಮಿನಿಯ ಪ್ರತಿಮೆ ನಿಲ್ಲಿಸಿತು, ಆತನಿಂದ ಕಸಿದುಕೊಂಡ ನೆಲದ ಸಮೀಪದಲ್ಲೇ.